ವೇಗಕ್ಕೆ ಅನುಮತಿ ಉಂಟು, ಹೊಣೆಗಾರರಿಲ್ಲ

ಡ್ರ್ಯಾಗ್ ರೇಸ್ ನೋಡುವುದಕ್ಕೆ ಅತ್ಯಂತ ಸರಳವಾದ ಸ್ಪರ್ಧೆ. ನೇರ ಪಥದಲ್ಲಿ ಎರಡು ವಾಹನಗಳು ನಿಂತಲ್ಲಿಂದ ಹೊರಟು 402 ಮೀಟರ್ ಕ್ರಮಿಸುತ್ತವೆ. ಮೊದಲು ಮುಟ್ಟಿದವರಿಗೆ ಗೆಲುವು. ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೆ. ಈ ಸರಳತೆಯೇ ಸಂಘಟಕರನ್ನು ದಾರಿ ತಪ್ಪಿಸುತ್ತಿರುವಂತಿದೆ. ಒಂದು ದಿನದ ಮಟ್ಟಿಗೆ ವಿಮಾನಪಟ್ಟಿಯನ್ನೋ ಖಾಲಿ ಬಡಾವಣೆಯ ರಸ್ತೆಯನ್ನೋ ಬಾಡಿಗೆಗೆ ಪಡೆದು, ಧ್ವನಿವರ್ಧಕ ಕಟ್ಟಿ, ಪಕ್ಕದಲ್ಲೊಂದು ಕಾರು ಪ್ರದರ್ಶನ ಏರ್ಪಡಿಸಿದರೆ ಸಾಕು ಎಂಬ ಭಾವನೆ ಬೆಳೆದಿದೆ.

ಪರಿಣಾಮವನ್ನು ಇಂಥಲ್ಲಿಗೆ ಹೋಗಿಬಂದ ಯುವಕರೆಲ್ಲರೂ ಬಲ್ಲರು. ಬೆಳಿಗ್ಗೆ ಆರಂಭವಾಗಬೇಕಾದ ವಾಹನ ತಪಾಸಣೆ ಮಧ್ಯಾಹ್ನಕ್ಕೆ ಜಾರುತ್ತದೆ. ಸಮಯ ಅಳೆಯುವ ಉಪಕರಣ ಕೈಕೊಡುತ್ತದೆ. ಪ್ರದರ್ಶನಕ್ಕೆ ಕಾರು ತಂದವರು ನೆರಳು, ನೀರಿಲ್ಲದೆ ಬಿಸಿಲಲ್ಲಿ ಕಾಯುತ್ತಾರೆ. ಸಂಜೆ ಬೆಳಕು ಕುಂದಿದಾಗ ಉಳಿದ ಸುತ್ತುಗಳು ರದ್ದಾಗುತ್ತವೆ. ಪ್ರವೇಶ ಶುಲ್ಕ ಮರಳಿಸುವ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ.

ಇದು ಸಣ್ಣ ಸಂಘಟಕರ ದೌರ್ಬಲ್ಯವಷ್ಟೇ ಅಲ್ಲ. ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ 2022ರ ನವೆಂಬರಿನಲ್ಲಿ ಇಂಡಿಯನ್ ರೇಸಿಂಗ್ ಲೀಗ್‌ನ ಮೊದಲ ಸುತ್ತು ಅಪಘಾತ ಹಾಗೂ ವಿಳಂಬದ ಕಾರಣದಿಂದ ರದ್ದಾಯಿತು. 2023ರ ಫೆಬ್ರುವರಿಯಲ್ಲಿ ಅದೇ ನಗರದಲ್ಲಿ ಫಾರ್ಮುಲಾ ಇ ನಡೆದಾಗ, ಅಭ್ಯಾಸದ ದಿನ ಖಾಸಗಿ ವಾಹನಗಳು ಸ್ಪರ್ಧೆಯ ಪಥಕ್ಕೇ ನುಗ್ಗಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗ್ರೇಟರ್ ನೊಯಿಡಾದ ಬುದ್ಧ ಸರ್ಕೀಟ್‌ನಲ್ಲಿ ಮೋಟೊಜಿಪಿ ನಡೆಯಿತು. ಹಲವು ಸವಾರರು ವೀಸಾಕ್ಕಾಗಿ ಕೊನೆಯ ಗಳಿಗೆಯವರೆಗೆ ಕಾಯಬೇಕಾಯಿತು. 2024ರಲ್ಲಿ ಈ ಎರಡೂ ಸ್ಪರ್ಧೆಗಳು ಭಾರತದಲ್ಲಿ ನಡೆಯಲಿಲ್ಲ.

ವಿಳಂಬವನ್ನಾದರೂ ಸಹಿಸಬಹುದು, ಸಾವನ್ನು ಸಹಿಸಲಾಗದು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತಿದ್ದಾಗ, ಸ್ಪರ್ಧೆಗೆಂದು ಮುಚ್ಚಿದ್ದ ರಸ್ತೆಗೆ ಬಂದ ಬೈಕಿಗೆ ಕಾರು ಡಿಕ್ಕಿ ಹೊಡೆದು ದಂಪತಿ ಹಾಗೂ ಅವರ ಮಗ ಮೃತಪಟ್ಟರು. ರಸ್ತೆ ಕಾಗದದಲ್ಲಿ ಮುಚ್ಚಿರುವುದಕ್ಕೂ ನೆಲದ ಮೇಲೆ ಮುಚ್ಚಿರುವುದಕ್ಕೂ ಇರುವ ಅಂತರ ಇದು. ಜನಸಂದಣಿಯ ವಿಷಯದಲ್ಲಿ ಅಂಥದೇ ಅಂತರಕ್ಕೆ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಬಲಿಯಾದರು.

ಕಾನೂನು ಇಲ್ಲವೇ? ಇದೆ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಅಪರಾಧಕ್ಕೆ 500 ರೂಪಾಯಿಯವರೆಗೆ ಇದ್ದ ದಂಡವನ್ನು 2019ರ ತಿದ್ದುಪಡಿ 5,000ಕ್ಕೆ ಏರಿಸಿತು. ಆದರೆ ಒಪ್ಪಿಗೆ ಕೊಡುವ ಮುನ್ನ ಏನೇನು ಪರಿಶೀಲಿಸಬೇಕು ಎಂಬುದನ್ನು ಆ ಕಲಮು ಹೇಳುವುದಿಲ್ಲ.

ಸೇವೆಯಲ್ಲಿದ್ದಾಗ ಇಂಥ ಕಾರ್ಯಕ್ರಮಗಳ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ಪೊಲೀಸ್, ಅಗ್ನಿಶಾಮಕ, ಆರೋಗ್ಯ, ಸ್ಥಳೀಯ ಸಂಸ್ಥೆ, ಹೀಗೆ ಒಂದೊಂದು ಇಲಾಖೆಯ ನಿರಾಕ್ಷೇಪಣಾ ಪತ್ರವೂ ಲಗತ್ತಾಗಿರುತ್ತಿತ್ತು. ಪ್ರತಿಯೊಂದರಲ್ಲೂ ಒಂದೇ ವಾಕ್ಯ: ಅವಘಡವಾದಲ್ಲಿ ಸಂಘಟಕರೇ ಹೊಣೆ. ಸಂಘಟಕರು ಪ್ರೇಕ್ಷಕರ ಟಿಕೆಟಿನ ಹಿಂಬದಿಯಲ್ಲಿ ಅದೇ ಹೊಣೆಯನ್ನು ಪ್ರೇಕ್ಷಕರಿಗೆ ದಾಟಿಸುತ್ತಿದ್ದರು. ಎಲ್ಲರೂ ಸಹಿ ಹಾಕಿದ ಆ ಕಡತದಲ್ಲಿ ಹೊಣೆ ಯಾರದೂ ಆಗಿರುತ್ತಿರಲಿಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೋಲಿಕೆಯಿದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ವಸ್ತು ಹಳೆಯ ಕಾರುಗಳ ಮಾರುಕಟ್ಟೆ. ಕೊಳ್ಳುವವನಿಗೆ ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಮೊದಲೇ ತಿಳಿಯದಿದ್ದರೆ ಆತ ಒಳ್ಳೆಯದಕ್ಕೂ ಹೆಚ್ಚಿನ ಬೆಲೆ ಕೊಡುವುದಿಲ್ಲ. ಕ್ರಮೇಣ ಒಳ್ಳೆಯ ಕಾರುಗಳೇ ಮಾರುಕಟ್ಟೆಯಿಂದ ಕಣ್ಮರೆಯಾಗುತ್ತವೆ. ರೇಸುಗಳ ಕಥೆಯೂ ಹೀಗೆಯೇ. ತಡೆಗೋಡೆ, ತರಬೇತಿ ಪಡೆದ ಮಾರ್ಷಲ್‌ಗಳು, ಆಂಬುಲೆನ್ಸ್, ವಿಮೆಗೆ ಹಣ ಸುರಿಯುವ ಪ್ರಾಮಾಣಿಕ ಸಂಘಟಕ, ಇವೊಂದೂ ಇಲ್ಲದೆ ಅಗ್ಗದ ಟಿಕೆಟು ಮಾರುವವನೆದುರು ಸೋಲುತ್ತಾನೆ.

ಇಂಥ ಹುಚ್ಚಾಟವನ್ನು ಪೂರ್ತಿ ನಿಷೇಧಿಸಿದರಾಯಿತು ಎನ್ನುವವರಿದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ಅಮೆರಿಕದಲ್ಲಿ ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿದ್ದು ಬೀದಿಯಲ್ಲಿ ಪಂದ್ಯ ಕಟ್ಟುತ್ತಿದ್ದ ಹುಡುಗರನ್ನು ಸುರಕ್ಷಿತ ಪಥಕ್ಕೆ ತರಲೆಂದೇ. ಅಲ್ಲಿಯೂ ಸಾವು ಸಂಭವಿಸಿದೆ. ಆದರೆ 2008ರ ಜೂನ್‌ನಲ್ಲಿ ಸ್ಕಾಟ್ ಕಲಿಟ್ಟಾ ಅವರ ಕಾರು ಪಥದ ತುದಿಯಲ್ಲಿ ನಿಲ್ಲದೆ ಮುನ್ನುಗ್ಗಿ ಅವರು ಅಸುನೀಗಿದಾಗ, ಕೆಲವೇ ದಿನಗಳಲ್ಲಿ ಅತಿವೇಗದ ವರ್ಗಗಳ ಓಟದ ದೂರವನ್ನು ಸುಮಾರು 305 ಮೀಟರಿಗೆ ಇಳಿಸಲಾಯಿತು. ತಪ್ಪಿನಿಂದ ನಿಯಮ ಹುಟ್ಟಬೇಕಾದದ್ದು ಹೀಗೆ. ನಮ್ಮಲ್ಲಿ ಸ್ಪರ್ಧೆ ಕೆಟ್ಟರೆ, ಬೇಸತ್ತ ಹುಡುಗರು ವಿಮಾನ ನಿಲ್ದಾಣದ ರಸ್ತೆಗೆ ಮರಳುತ್ತಾರೆ.

ಆಗಬೇಕಾದದ್ದು ಇಷ್ಟು. ಒಪ್ಪಿಗೆ ಪತ್ರಕ್ಕೆ ಒಬ್ಬನೇ ಅಧಿಕಾರಿ ಸಹಿ ಹಾಕಬೇಕು. ಸ್ಪರ್ಧೆಗೆ ಮುನ್ನ ಆತ ಪಥವನ್ನು ಖುದ್ದಾಗಿ ನೋಡಿರಬೇಕು. ಓಟದ ದೂರದಷ್ಟೇ ಮುಖ್ಯವಾಗಿ ವಾಹನ ನಿಲ್ಲಲು ಬೇಕಾದ ದೂರವನ್ನೂ ಅಳೆಯಬೇಕು. ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಪರವಾನಗಿ ಮತ್ತು ವಿಮೆ ಕಡ್ಡಾಯವಾಗಬೇಕು. ಪ್ರವೇಶ ಶುಲ್ಕ ಸ್ಪರ್ಧೆ ಮುಗಿಯುವವರೆಗೆ ಪ್ರತ್ಯೇಕ ಖಾತೆಯಲ್ಲಿದ್ದು, ರದ್ದಾದರೆ ತಾನಾಗಿಯೇ ಮರಳಬೇಕು. ತಯಾರಕರ ಮೂಲ ವಿನ್ಯಾಸ ಬದಲಿಸಿದ ವಾಹನ ರಸ್ತೆಗಿಳಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಂಥ ಕಾರುಗಳು ಪ್ರದರ್ಶನಕ್ಕೆ ಲಾರಿಯ ಮೇಲೆ ಬಂದು, ಲಾರಿಯ ಮೇಲೆಯೇ ಹಿಂದಿರುಗಬೇಕು.

ಇವಾವುದಕ್ಕೂ ಸರ್ಕಾರದ ಬೊಕ್ಕಸದಿಂದ ದೊಡ್ಡ ಮೊತ್ತ ಬೇಕಿಲ್ಲ. ಮುಂದಿನ ಬಾರಿ ಇಂಥ ಕಡತ ಯಾವುದೇ ಕಚೇರಿಗೆ ಬಂದಾಗ, ಎಷ್ಟು ಪತ್ರಗಳು ಲಗತ್ತಾಗಿವೆ ಎಂದು ಎಣಿಸುವ ಬದಲು ಹೊಣೆ ಯಾರದೆಂದು ಒಂದು ಹೆಸರು ಬರೆಸಿಕೊಂಡರೂ ಅರ್ಧ ಕೆಲಸ ಆದಂತೆ.