ಕಾಳಿಗಿಂತ ಆಲದ ಹಣ್ಣು

ನಾಸಿಕದ ಸಾತಪುರದಲ್ಲಿ ಬೆಳಗಾಯಿತೆಂದರೆ ಕಾರ್ಖಾನೆಗಳ ಛಾವಣಿಯಲ್ಲೂ ಮನೆಗಳ ಕಿಟಕಿಗಳಲ್ಲೂ ಪಾರಿವಾಳಗಳ ಗುಟುರು. ಹಿಡಿ ಜೋಳ ಚೆಲ್ಲಿ ಪುಣ್ಯ ಕಟ್ಟಿಕೊಂಡೆವೆಂದು ಸಮಾಧಾನಪಡುವವರು ನಾವು. ಈ ಸಮಾಧಾನವನ್ನು ಒಮ್ಮೆ ಪರಾಮರ್ಶಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಪಾರಿವಾಳದ ಬಗೆಗೆ ನಮಗೆ ತಿರಸ್ಕಾರವಿಲ್ಲ. ಬಹುಪಾಲು ಹಕ್ಕಿಗಳು ನೀರನ್ನು ಕೊಕ್ಕಿನಲ್ಲಿ ತುಂಬಿಕೊಂಡು ತಲೆಯೆತ್ತಿ ನುಂಗಿದರೆ, ಇದು ಕೊಕ್ಕನ್ನದ್ದಿ ಹೀರಿಯೇ ಕುಡಿಯುತ್ತದೆ. ಎಳೆಯ ಮರಿಗಳಿಗೆ ತನ್ನ ಗಂಟಲಚೀಲದಲ್ಲಿ ಒಸರುವ ಹಾಲಿನಂಥ ಆಹಾರವನ್ನು ಉಣಿಸುತ್ತದೆ. ಈ ಕೆಲಸದಲ್ಲಿ ತಾಯಿಗೆ ತಂದೆಯೂ ಸಮಪಾಲುದಾರ. ಮೂಲತಃ ಬಂಡೆಗಳ ಸಂದಿನಲ್ಲಿ ಗೂಡು ಕಟ್ಟುವ ಈ ಹಕ್ಕಿಗೆ ನಮ್ಮ ಕಾಂಕ್ರೀಟು ಕಟ್ಟಡವೇ ಬೆಟ್ಟವಾಗಿದೆ. ಹೀಗಿರುವಾಗ ಅದು ನಮ್ಮ ಕರುಣೆಗಾಗಿ ಕಾದು ಕುಳಿತಿಲ್ಲ. ಒಂದೇ ಕಡೆ ಅತಿಯಾಗಿ ಉಣಿಸಿದಾಗ ಹಿಂಡು ಬೆಳೆಯುತ್ತದೆ; ಒಣಗಿದ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಕಾಯಿಲೆ ತರುತ್ತದೆ. 2025ರಲ್ಲಿ ಮುಂಬಯಿಯ ಕಬೂತರಖಾನೆಗಳ ವಿವಾದ ಹೈಕೋರ್ಟಿನ ಮೆಟ್ಟಿಲೇರಿದಾಗ ಚರ್ಚೆಯ ಕೇಂದ್ರದಲ್ಲಿದ್ದುದು ಈ ಆತಂಕವೇ.

ಇನ್ನೊಂದು ಸಂಗತಿಯನ್ನು ನಾವು ಮರೆತಂತಿದೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೆಂದು ಬಲ್ಲ ಕನ್ನಡಿಗರಿಗೆ, ತಾವು ಅನ್ನ ಉಣ್ಣುತ್ತಿರುವ ಮಹಾರಾಷ್ಟ್ರದ ರಾಜ್ಯಪಕ್ಷಿ ಒಂದು ಪಾರಿವಾಳವೇ ಎಂಬುದು ತಿಳಿದಿದೆಯೇ? ಹಳದಿ ಕಾಲಿನ ಆ ಹಸಿರು ಪಾರಿವಾಳವನ್ನು ಮರಾಠಿಯಲ್ಲಿ ಹರಿಯಲ್ ಎನ್ನುತ್ತಾರೆ. ಅದು ನೆಲಕ್ಕಿಳಿಯುವುದು ಅಪರೂಪ; ನಾವು ಚೆಲ್ಲಿದ ಕಾಳು ಅದಕ್ಕೆ ಬೇಡ. ಆಲ, ಅರಳಿ, ಅತ್ತಿಯ ಹಣ್ಣುಗಳೇ ಅದರ ಮುಖ್ಯ ಆಹಾರ. ಎಲೆಗಳ ನಡುವೆ ಎಲೆಯಾಗಿ ಕುಳಿತಿರುವುದರಿಂದ ಮರದಡಿ ನಿಂತವರಿಗೂ ಕಾಣಿಸದು.

ನಮ್ಮ ನಗರದ ಪಂಚವಟಿಗೆ ಆ ಹೆಸರು ಬಂದದ್ದೇ ಐದು ಆಲದ ಮರಗಳಿಂದ. ಅದೇ ನಗರದ ತಪೋವನದಲ್ಲಿ, ಕುಂಭಮೇಳದ ಸಾಧುಗ್ರಾಮಕ್ಕಾಗಿ ಮರಗಳನ್ನು ಕಡಿಯುವ ಪ್ರಸ್ತಾವ ಬಂದು, 2025ರ ಕೊನೆಯಲ್ಲಿ ಜನರು ಪ್ರತಿಭಟಿಸಬೇಕಾಯಿತು. ಒಂದು ಕೈಯಿಂದ ಕಾಳು ಚೆಲ್ಲಿ, ಇನ್ನೊಂದು ಕೈಯಿಂದ ಕೊಡಲಿ ಎತ್ತುವುದು ಯಾವ ಪಕ್ಷಿಪ್ರೇಮ?

ಕಪೋತವನ್ನು ಉಳಿಸಲು ಶಿಬಿ ಚಕ್ರವರ್ತಿ ತನ್ನ ತೊಡೆಯ ಮಾಂಸವನ್ನೇ ಕೊಯ್ದು ತೂಗಿದನೆಂದು ಮಕ್ಕಳಿಗೆ ಹೇಳುತ್ತೇವೆ. ಅವನು ಕೊಟ್ಟದ್ದು ಮಿಕ್ಕಿದ್ದನ್ನಲ್ಲ, ತನ್ನದನ್ನು. ನಮ್ಮಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಕಾರ್ಖಾನೆಯ ಆವರಣದಲ್ಲೋ ಬಡಾವಣೆಯ ಮೂಲೆಯಲ್ಲೋ ಒಂದು ಅತ್ತಿಗೆ, ಒಂದು ಆಲಕ್ಕೆ ಜಾಗ ಬಿಟ್ಟುಕೊಡೋಣ. ಇರುವ ಮರವನ್ನು ಉಳಿಸಿಕೊಳ್ಳೋಣ. ಹರಿಯಲ್ ಕೇಳುವುದು ಅಷ್ಟನ್ನೇ.