ಹಿರಿಯರ ಮಾತನ್ನೂ ದಾಖಲೆಯೆಂದು ಬರೆದುಕೊಳ್ಳಿ

ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಅಂಕೋಲಾ ತಾಲೂಕಿನ ಘಟ್ಟದ ಬುಡದಲ್ಲಿ ಒಂದೇ ಕಾಡು ನಂಬಿದ ಎರಡು ಮನೆಗಳಿವೆ ಎಂದಿಟ್ಟುಕೊಳ್ಳಿ. ಒಂದು ಸಿದ್ದಿಗಳದ್ದು, ಇನ್ನೊಂದು ಹಾಲಕ್ಕಿ ಒಕ್ಕಲಿಗರದ್ದು. ಇಬ್ಬರೂ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುತ್ತಾರೆ. ಸಿದ್ದಿಗಳು 2003ರಿಂದ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದೇವೆಂದು ತೋರಿಸಿದರೆ ಆಯಿತು. ಹಾಲಕ್ಕಿಗಳು ಎಷ್ಟೋ ಕಾಲದಿಂದ ಕೇಳುತ್ತಿದ್ದರೂ ಆ ಪಟ್ಟಿಗೆ ಸೇರಿಲ್ಲ. ಹಾಗಾಗಿ ಅವರು ಆ ದಿನಾಂಕದಿಂದ ಮೂರು ತಲೆಮಾರು, ಅಂದರೆ 75 ವರ್ಷ ಹಿಂದಕ್ಕೆ, 1930ಕ್ಕೆ ಹೋಗಬೇಕು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಬೇಣದ ಹುಲ್ಲು ಕೊಯ್ದು, ಸೌದೆ ಹೊತ್ತು ಮಾರಿ ಬದುಕಿದವರ ಮನೆಯಲ್ಲಿ ಆ ಕಾಲದ ಕಾಗದ ಎಲ್ಲಿಂದ ಬರಬೇಕು?

ಸಿದ್ದಿಗಳಿಗೆ ಸಿಕ್ಕಿದ್ದು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಅವರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹರಡಿಕೊಂಡೂ ಒಂದೇ ಜನರಾಗಿ ನಿಂತು ಆ ಮಾನ್ಯತೆ ಪಡೆದರು. ಅದು ಇಡೀ ಜಿಲ್ಲೆ ಹೆಮ್ಮೆಪಡಬೇಕಾದ ಗೆಲುವು. ಇತ್ತ ಜಿಲ್ಲೆಯ ಇನ್ನೊಂದು ಸಮುದಾಯವಾದ ಕುಣಬಿಗಳನ್ನು ನೋಡಿ: ಮಾಜಾಳಿ ಗಡಿ ದಾಟಿದರೆ ಗೋವಾದಲ್ಲಿ ಅವರು ಪರಿಶಿಷ್ಟ ಪಂಗಡ, ನಮ್ಮ ಜಿಲ್ಲೆಯ ಜೋಯಿಡಾದಲ್ಲಿ ಅಲ್ಲ. ಒಬ್ಬರ ಗೆಲುವು ತೋರಿಸಿ ಇನ್ನೊಬ್ಬರ ಹೊಟ್ಟೆ ಉರಿಸುವ ರಾಜಕಾರಣ ನಮಗೆ ಬೇಡ. ಸಿದ್ದಿಗಳ ದಾರಿ ಕಡಿದಾಗಿತ್ತೋ ಹಾಲಕ್ಕಿಗಳದ್ದೋ ಎಂದು ತೂಗುವುದರಿಂದ ಯಾರ ಗದ್ದೆಗೂ ಪಟ್ಟಾ ಬರುವುದಿಲ್ಲ.

ಪಟ್ಟಿ ಬದಲಿಸುವುದು ಸಂಸತ್ತಿನ ಕೆಲಸ, ಗೊತ್ತಿದೆ. ಆದರೆ ಜಿಲ್ಲಾ ಮಟ್ಟದ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷರು ನೀವು. ಕಾಯ್ದೆಯ 13ನೇ ನಿಯಮ ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೆನ್ನುತ್ತದೆ. ಗೆಜೆಟಿಯರನ್ನೂ ಒಪ್ಪುತ್ತದೆ, 1883ರ ಕೆನರಾ ಗೆಜೆಟಿಯರಿನಲ್ಲಿ ಹಾಲಕ್ಕಿಗಳ ವಿವರವೇ ಇದೆ. ಇಂಥದ್ದೇ ದಾಖಲೆ ತನ್ನಿ ಎಂದು ಸಮಿತಿ ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಕಾಯ್ದೆ ಕೇಳುವುದು ಕಾಡಿನಲ್ಲಿ ಮೂರು ತಲೆಮಾರಿನ ವಾಸವನ್ನು, ಅದೇ ತುಂಡು ನೆಲದ 75 ವರ್ಷದ ಸಾಗುವಳಿಯನ್ನಲ್ಲ. ಇಷ್ಟಿದ್ದೂ ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ತಿರಸ್ಕೃತವಾಗಿವೆ.

ಹೊನ್ನಳ್ಳಿಯ ಹಾಲಕ್ಕಿ ಹಿರಿಯೆ ತುಳಸಿ ಗೌಡರು ಶಾಲೆಯ ಮುಖ ನೋಡಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತ, ಯಾವ ತಾಯಿಮರದ ಬೀಜ ಯಾವಾಗ ಆಯ್ದರೆ ಮೊಳೆಯುತ್ತದೆಂದು ನಿಖರವಾಗಿ ಹೇಳುತ್ತಿದ್ದರು. ಅದೇ ಸಮುದಾಯದ, ಬಡಗೇರಿಯ ಸುಕ್ರಿ ಬೊಮ್ಮ ಗೌಡರು ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಇಬ್ಬರಿಗೂ ಪದ್ಮಶ್ರೀ ಬಂತು. ಆ ಊರುಗಳ ಹಿರಿಯರು ಬೀಜದ ಬಗ್ಗೆ, ಹಾಡಿನ ಬಗ್ಗೆ ಬಾಯಲ್ಲಿ ಹೇಳಿದ್ದನ್ನು ದೇಶ ನಂಬಿತು. ತಮ್ಮ ಅಜ್ಜ ಎಲ್ಲಿ ಮನೆ ಕಟ್ಟಿದ್ದ, ಯಾವ ಬಾವಿ ತೋಡಿದ್ದ ಎಂದು ಅದೇ ಹಿರಿಯರು ಹೇಳಿದರೆ ಕಚೇರಿ ಏಕೆ ನಂಬಬಾರದು? 2024ರ ಡಿಸೆಂಬರಿನಲ್ಲಿ ತುಳಸಿ, 2025ರ ಫೆಬ್ರವರಿಯಲ್ಲಿ ಸುಕ್ರಿ ತೀರಿಕೊಂಡರು. ಹೇಳುವವರು ಹೀಗೆ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಕಾಗದವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಿದ ಅರ್ಜಿಗಳನ್ನು ಮರುಪರಿಶೀಲನೆಗೆ ತೆಗೆದುಕೊಳ್ಳಿ. ಅಂಕೋಲಾ, ಕಾರವಾರದ ಪ್ರತಿ ಗ್ರಾಮಸಭೆಯಲ್ಲೂ ಹಿರಿಯರ ಹೇಳಿಕೆ ಬರೆದುಕೊಳ್ಳಲು ದಿನ ಗೊತ್ತುಮಾಡಿ. ಹಾಲಕ್ಕಿಗಳ ಊರಗೌಡರನ್ನು, ಸಿದ್ದಿ ಮತ್ತು ಕುಣಬಿ ಹಿರಿಯರನ್ನು ಒಟ್ಟಿಗೇ ಕೂರಿಸಿ. ಒಬ್ಬರ ವಾಸಕ್ಕೆ ಇನ್ನೊಬ್ಬರು ಸಾಕ್ಷಿ ಹೇಳಲಿ. ಮಳೆಗಾಲ ಹಿಡಿಯುವ ಮೊದಲೇ ಆ ದಿನ ಇರಲಿ, ನಡೆಯಲಾರದವರ ಮನೆಗೆ ಅಧಿಕಾರಿಗಳೇ ಹೋಗಲಿ.

ಇಂತಿ,
ಅಂಕೋಲೆಯ ಒಬ್ಬ ನಾಗರಿಕ