ಡಾಕ್ಟರಿಕೆಗೆ ಹನ್ನೊಂದು ವರ್ಷ, ಚೀಟಿಗೆ ಎರಡೇ ವರ್ಷ!

ಹಳ್ಳಿಗೆ ಡಾಕ್ಟರು ಬರುವುದಿಲ್ಲ ಎಂಬ ಗೋಳು ನಮ್ಮ ತಾಲ್ಲೂಕುಗಳದ್ದು ಮಾತ್ರ ಅಂತ ತಿಳಿದವರು ಒಂಚೂರು ಅಮೆರಿಕಾದ ಕಡೆ ನೋಡಬೇಕು. ದುಡ್ಡಿನ ದೇಶ ಸ್ವಾಮಿ ಅದು. ಆದರೂ ಅಲ್ಲಿನ ಬಡವರ ಕೇರಿಗಳಲ್ಲಿ, ದೂರದ ಊರುಗಳಲ್ಲಿ ನಾಡಿ ಹಿಡಿಯುವವರಿಗೆ ಬರ. 'ನಾವು ಹೋಗ್ತೀವಿ' ಅನ್ನುವ ಹುಡುಗ ಹುಡುಗಿಯರು ಇಲ್ಲದೆ ಇಲ್ಲ. ಆದರೆ ಅವರನ್ನೇ ಆ ದೇಶದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ!

ಯಾರಿವರು? ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಬಂದು, ಸರಿಯಾದ ಕಾಗದಪತ್ರವಿಲ್ಲದೆ ಅಲ್ಲೇ ಬೆಳೆದ ಮಕ್ಕಳು. 2012ರಲ್ಲಿ ಒಬಾಮ ಸರಕಾರ ಇಂಥವರಿಗೆ 'ಡಾಕಾ' ಎಂಬ ಅನುಕೂಲ ಮಾಡಿಕೊಟ್ಟಿತು. ಗಡೀಪಾರಿನ ಹೆದರಿಕೆ ಸದ್ಯಕ್ಕಿಲ್ಲ, ಕೆಲಸಕ್ಕೂ ಪರವಾನಗಿ. ಪೌರತ್ವ ಮಾತ್ರ ಕೇಳಬಾರದು. ಪರವಾನಗಿಯ ಆಯುಸ್ಸು ಎರಡು ವರ್ಷ, ಆಮೇಲೆ ಮತ್ತೆ ಅರ್ಜಿ, ಮತ್ತೆ ಫೀಜು. ಬಾಡಿಗೆ ಕರಾರಿನ ಮೇಲೆ ಅಂಗಡಿ ಇಟ್ಟವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಷಿಕಾಗೋ ಪಕ್ಕದ ಮೇವುಡ್‌ನಲ್ಲಿರುವ ಲೊಯೋಲಾ ವಿಶ್ವವಿದ್ಯಾಲಯದ ಸ್ಟ್ರಿಚ್ ಮೆಡಿಕಲ್ ಕಾಲೇಜು ಇವರಿಗೆ ಬಹಿರಂಗವಾಗಿ ಬಾಗಿಲು ತೆರೆದ ಮೊದಲ ವೈದ್ಯ ಕಾಲೇಜು. 2014ರಲ್ಲಿ ಏಳು ಮಂದಿ ಸೇರಿದರು. ಆದರೆ ಫೀಜು? ಕೇಂದ್ರ ಸರಕಾರದ ಸಾಲ ಇವರಿಗಿಲ್ಲ. ಆಗ ಇಲಿನಾಯ್ ರಾಜ್ಯದ ಹಣಕಾಸು ಸಂಸ್ಥೆ ಮುಂದೆ ಬಂತು. ಬಡ್ಡಿ ಬೇಡ, ಅಸಲು ತೀರಿಸಿ. ಅದಕ್ಕೆ ಬದಲಾಗಿ ಸಾಲ ಪಡೆದ ಒಂದೊಂದು ವರ್ಷಕ್ಕೂ ಡಾಕ್ಟರಿಲ್ಲದ ಕಡೆ ಒಂದೊಂದು ವರ್ಷ ದುಡಿಯಿರಿ ಎಂದಿತು. ವ್ಯವಹಾರ ನ್ಯಾಯವಾದದ್ದೇ.

ಈಗ ಲೆಕ್ಕ ಹಾಕಿ. ಓದು ನಾಲ್ಕು ವರ್ಷ, ಆಸ್ಪತ್ರೆಯ ತರಬೇತಿ ಕನಿಷ್ಠ ಮೂರು, ಬಡವರ ಸೇವೆ ನಾಲ್ಕು. ಒಟ್ಟು ಹನ್ನೊಂದು. ಕೈಯಲ್ಲಿರುವ ಚೀಟಿ ಎರಡು ವರ್ಷದ್ದು! ನಡುವೆ ಅದು ರದ್ದಾಯಿತು ಅನ್ನಿ, ತರಬೇತಿಯೂ ಇಲ್ಲ, ಸೇವೆಯೂ ಇಲ್ಲ. ಸಾಲ ಮಾತ್ರ ಹೆಗಲ ಮೇಲೆ.

ಇದು ಬರೀ ಊಹೆಯಲ್ಲ. ಮೊದಲ ತಂಡ ಇನ್ನೂ ಓದುತ್ತಿದ್ದಾಗಲೇ, 2017ರ ಸೆಪ್ಟೆಂಬರಿನಲ್ಲಿ, ಟ್ರಂಪ್ ಸರಕಾರ ಡಾಕಾ ರದ್ದು ಎಂದಿತು. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಆ ಆದೇಶ ತಳ್ಳಿಹಾಕಿತು. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಮುಗಿದಿತ್ತು. 2021ರಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟು ಹೊಸಬರಿಗೆ ಮಂಜೂರು ಮಾಡಕೂಡದು ಎಂದಿತು.

ನಮ್ಮಲ್ಲಿ ಉಲ್ಟಾ ಕಥೆ. ವೈದ್ಯ ಪದವೀಧರರು ಕಡ್ಡಾಯವಾಗಿ ಸರಕಾರಿ ಸೇವೆ ಮಾಡಲಿ ಎಂದು ಕರ್ನಾಟಕ 2012ರಲ್ಲಿ ಕಾಯ್ದೆ ತಂದರೆ, ಬೇಡವೆಂದು ಕೋರ್ಟಿನ ಮೆಟ್ಟಿಲು ಹತ್ತಿದವರು ಡಾಕ್ಟರುಗಳೇ!

ಡಾಕಾಕ್ಕೆ ಇನ್ನೊಂದು ಷರತ್ತಿದೆ. 2007ರ ಜೂನ್ 15ರಿಂದಲೂ ಅಮೆರಿಕಾದಲ್ಲೇ ಇದ್ದಿರಬೇಕು. ಇವತ್ತು ಅಲ್ಲಿ ಪಿಯುಸಿ ವಯಸ್ಸಿನಲ್ಲಿರುವ ಮಕ್ಕಳು ಆಗ ಇನ್ನೂ ಹುಟ್ಟೇ ಇರಲಿಲ್ಲ.